ಮ್ಯಾನ್ಯುವಲ್‌ನಲ್ಲಿ 91 ಅಂತಿದೆ, 95 ಹಾಕಿದರೆ ಬೈಕಿಗೆ ಒಳ್ಳೆಯದಾ?

ಎರಡುಚಕ್ರ

ಎಲ್ಲರಿಗೂ ನಮಸ್ಕಾರ. ಹೊಸ ಬೈಕ್ ತೆಗೆದುಕೊಂಡಿದ್ದೇನೆ. 160 ಸಿಸಿ, ಏರ್ ಕೂಲ್ಡ್, ಫ್ಯೂಯಲ್ ಇಂಜೆಕ್ಷನ್. ಕಂಪ್ರೆಷನ್ ರೇಷಿಯೊ 10:1. ಮ್ಯಾನ್ಯುವಲ್‌ನಲ್ಲಿ ಕನಿಷ್ಠ 91 ಆರ್‌ಒಎನ್ (ಆಕ್ಟೇನ್ ಸಂಖ್ಯೆಯ ಒಂದು ಅಳತೆ), ಸೀಸ ಇಲ್ಲದ ಪೆಟ್ರೋಲ್ ಹಾಕಿ ಎಂದಿದೆ. ನಾನು ಹೋಗುವ ಬಂಕ್‌ನಲ್ಲಿ 91, 95, 98 ಮೂರೂ ಇವೆ.

ಒಬ್ಬ ಗೆಳೆಯ 95 ಹಾಕು, ಪಿಕಪ್ ಬರುತ್ತದೆ, ಎಂಜಿನ್ ಬಾಳಿಕೆ ಬರುತ್ತದೆ ಅಂತಾನೆ. ಇನ್ನೊಬ್ಬ ಸಣ್ಣ ಬೈಕಿಗೆ 95 ಹಾಕಿದರೆ ವಾಲ್ವ್ ಸುಟ್ಟುಹೋಗುತ್ತದೆ ಅಂತ ಹೆದರಿಸುತ್ತಾನೆ. ಇಬ್ಬರೂ ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಯಾರ ಮಾತು ಕೇಳಲಿ?

ಇನ್ನೊಂದು ವಿಷಯ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಎಂಜಿನ್‌ನಿಂದ ಸಣ್ಣಗೆ ಕಟಕಟ ಸದ್ದು ಬರುತ್ತದೆ. ಇದಕ್ಕೂ ಪೆಟ್ರೋಲಿಗೂ ಸಂಬಂಧ ಇದೆಯಾ?

ಟಾರ್ಕ್‌ಪ್ರಿಯ

ನನ್ನ 150 ಸಿಸಿ ಗಾಡಿಗೆ ಮೊದಲಿಂದ 95 ಹಾಕುತ್ತಿದ್ದೇನೆ. ಎಂಜಿನ್ ನುಣ್ಣಗೆ ಓಡುತ್ತದೆ. ಮೈಲೇಜ್ ಕೂಡ ಸ್ವಲ್ಪ ಜಾಸ್ತಿ ಸಿಗುತ್ತದೆ. ಒಳ್ಳೆ ಪೆಟ್ರೋಲ್ ಹಾಕಿದರೆ ಗಾಡಿ ಚೆನ್ನಾಗಿರುತ್ತದೆ, ಅದರಲ್ಲಿ ಯೋಚನೆ ಮಾಡೋದೇನಿದೆ? 95 ಹಾಕಿ.

ಸ್ಪ್ಯಾನರ್12

ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಈ ಪ್ರಶ್ನೆ ವರ್ಕ್‌ಶಾಪ್‌ನಲ್ಲಿ ಪದೇ ಪದೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಹೇಳುವುದಿಲ್ಲ. ಅದರ ಗುಣಮಟ್ಟವನ್ನೂ ಹೇಳುವುದಿಲ್ಲ. ಒತ್ತಡ ಮತ್ತು ಬಿಸಿ ಏರಿದಾಗ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಬೇಗ ಹೊತ್ತಿಕೊಳ್ಳುವ ಹೆಪ್ಟೇನ್‌ಗೆ 0 ಅಂಕ ಕೊಟ್ಟಿದ್ದಾರೆ. 91 ಎಂದರೆ 91 ಪಾಲು ಐಸೊ-ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ದ್ರವ ಎಷ್ಟು ತಡೆಯುತ್ತದೋ ನಮ್ಮ ಪೆಟ್ರೋಲೂ ಅಷ್ಟೇ ತಡೆಯುತ್ತದೆ ಎಂದರ್ಥ.

ಈ ತಡೆ ಯಾಕೆ ಬೇಕು? ಪಿಸ್ಟನ್ ಮೇಲೆ ಬರುತ್ತಾ ಇರುವಾಗ, ತುದಿ ಮುಟ್ಟುವ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಪ್ಲಗ್‌ನಿಂದ ಶುರುವಾಗಿ ಸಿಲಿಂಡರ್ ಅಂಚಿನ ಕಡೆ ಹರಡುತ್ತದೆ. ಅಷ್ಟರಲ್ಲಿ ಅಂಚಿನಲ್ಲಿ ಇನ್ನೂ ಉರಿಯದೆ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಭಯಂಕರ ಬಿಸಿಯಾಗಿರುತ್ತದೆ. ಬೆಂಕಿ ಅಲ್ಲಿಗೆ ತಲುಪುವವರೆಗೆ ಅದು ಸುಮ್ಮನಿರಬೇಕು. ಸುಮ್ಮನಿರದೆ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆ ಗೋಡೆಗೆ ಬಡಿಯುತ್ತದೆ. ಆ ಸದ್ದೇ ನಾಕಿಂಗ್. ಸದ್ದು ದೊಡ್ಡ ವಿಷಯವಲ್ಲ. ಅಲ್ಯೂಮಿನಿಯಂ ಪಿಸ್ಟನ್ ಮೇಲೆ ತೆಳುವಾದ ಅನಿಲದ ಪದರ ಇರುತ್ತದೆ, ಬಿಸಿ ನೇರವಾಗಿ ಲೋಹಕ್ಕೆ ತಾಗದಂತೆ ಅದು ಕಾಯುತ್ತದೆ. ಈ ಅಲೆ ಆ ಪದರವನ್ನು ಕೆರೆದು ಹಾಕುತ್ತದೆ. ತುಂಬಾ ದಿನ ನಾಕ್ ಹೊಡೆದ ಎಂಜಿನ್ ಬಿಚ್ಚಿದರೆ ಪಿಸ್ಟನ್ ತಲೆ ಮರಳು ಎರಚಿದ ಹಾಗೆ ತರಿತರಿಯಾಗಿ ಕಾಣುತ್ತದೆ. ರಿಂಗ್ ಕೂರುವ ಜಾಗ ಮುರಿದದ್ದನ್ನೂ ನೋಡಿದ್ದೇನೆ.

ಈಗ ನಿಮ್ಮ ಗಾಡಿ. ಕಂಪನಿಯವರು 10:1 ಕಂಪ್ರೆಷನ್, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು), ಕೂಲಿಂಗ್ ಎಲ್ಲವನ್ನೂ ಲೆಕ್ಕ ಹಾಕಿ 91 ಸಾಕು ಎಂದು ಬರೆದಿದ್ದಾರೆ. 91ಕ್ಕೇ ನಾಕ್ ಆಗದ ಎಂಜಿನ್‌ಗೆ 95 ಹಾಕಿದರೆ, ಆ ಹೆಚ್ಚಿನ ತಡೆಗೆ ಅಲ್ಲಿ ಕೆಲಸವೇ ಇಲ್ಲ. ಸಣ್ಣ ಬೈಕ್‌ಗಳಲ್ಲಿ ಹೆಚ್ಚಿನವಕ್ಕೆ ನಾಕ್ ಸೆನ್ಸರ್ ಇರುವುದಿಲ್ಲ. ಹಾಗಾಗಿ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯಾಂಕ್‌ನಲ್ಲಿ ಇರುವುದು 91 ಅಥವಾ 95 ಎಂದು ಗೊತ್ತೇ ಆಗುವುದಿಲ್ಲ. ಟೈಮಿಂಗ್ ಅದೇ, ಪವರ್ ಅದೇ.

ವಾಲ್ವ್ ಸುಡುತ್ತದೆ ಎಂಬ ಮಾತೂ ನಿಜವಲ್ಲ. ಆಕ್ಟೇನ್ ಜಾಸ್ತಿ ಎಂದರೆ ನಿಧಾನವಾಗಿ ಉರಿಯುವ ಪೆಟ್ರೋಲ್ ಎಂದು ಹಲವರು ತಿಳಿದಿದ್ದಾರೆ. ತಾನಾಗಿ ಹೊತ್ತಿಕೊಳ್ಳುವುದು ಬೇರೆ, ಕಿಡಿ ತಾಗಿದ ಮೇಲೆ ಬೆಂಕಿ ಹರಡುವ ವೇಗ ಬೇರೆ. 95 ಹಾಕಿದರೆ ನಿಮ್ಮ ಎಂಜಿನ್‌ಗೆ ಏನೂ ಆಗುವುದಿಲ್ಲ. ದುಡ್ಡು ಹೋಗುತ್ತದೆ, ಅಷ್ಟೇ.

ಟಾರ್ಕ್‌ಪ್ರಿಯ

ಸ್ಪ್ಯಾನರ್ ಅಣ್ಣ, ವಿವರಣೆ ಚೆನ್ನಾಗಿದೆ. ಆದರೆ ನನಗೆ ವ್ಯತ್ಯಾಸ ಗೊತ್ತಾಗುತ್ತದೆ ಅಲ್ವಾ? ದಿನಾ ಓಡಿಸುವವನು ನಾನು. ಅದೆಲ್ಲ ಸುಮ್ನೆ ಭ್ರಮೆ ಅಂತೀರಾ?

ಉದ್ದದಾರಿ

ಭ್ರಮೆ ಅಂತ ಯಾರೂ ಹೇಳುತ್ತಿಲ್ಲ ಗುರು. ಬೇರೆ ಕಾರಣ ಇರಬಹುದು. ದುಬಾರಿ ಪೆಟ್ರೋಲ್‌ನಲ್ಲಿ ಆಕ್ಟೇನ್ ಜೊತೆಗೆ ಡಿಟರ್ಜೆಂಟ್ ಕೂಡ ಜಾಸ್ತಿ ಇರುವುದುಂಟು. ಇಂಜೆಕ್ಟರ್, ಇನ್‌ಟೇಕ್ ವಾಲ್ವ್ ಮೇಲೆ ಕೊಳೆ ಕೂರದಂತೆ ಅದು ನೋಡಿಕೊಳ್ಳುತ್ತದೆ. ಕೊಳೆ ಹಿಡಿದ ಇಂಜೆಕ್ಟರ್ ಶುದ್ಧವಾದರೆ ಗಾಡಿ ನುಣ್ಣಗೆ ಓಡುವುದು ಸಹಜ. ಆದರೆ ಆ ಕೆಲಸ ಮಾಡಿದ್ದು ಡಿಟರ್ಜೆಂಟ್. 91 ಆಕ್ಟೇನ್ ಇದ್ದೂ ಒಳ್ಳೆಯ ಡಿಟರ್ಜೆಂಟ್ ಇರುವ ಪೆಟ್ರೋಲ್ ಇರುತ್ತದೆ. 98 ಇದ್ದೂ ಅದು ಹೆಚ್ಚಿಲ್ಲದ ಪೆಟ್ರೋಲ್ ಕೂಡ ಇರಬಹುದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಮೈಲೇಜ್ ವಿಷಯಕ್ಕೆ ಬಂದರೆ, ಮೀಟರ್ ತೋರಿಸುವ ಅಂಕಿಯನ್ನು ನಂಬಬೇಡಿ. ಟ್ಯಾಂಕ್ ಕತ್ತಿನ ಒಂದೇ ಗುರುತಿನವರೆಗೆ ತುಂಬಿಸಿ, ಓಡಿಸಿ, ಮತ್ತೆ ಅದೇ ಪಂಪ್‌ನಲ್ಲಿ ಅದೇ ಗುರುತಿನವರೆಗೆ ತುಂಬಿಸಿ. ಗಾಡಿ ಸೈಡ್ ಸ್ಟ್ಯಾಂಡ್ ಮೇಲಿದ್ದರೆ ಲೆಕ್ಕ ತಪ್ಪುತ್ತದೆ, ಎರಡೂ ಸಲ ನೇರವಾಗಿ ನಿಲ್ಲಿಸಿ. ಟೈರ್ ಗಾಳಿ, ದಾರಿ, ಹೊರುವ ಭಾರ ಎಲ್ಲ ಒಂದೇ ಇರಲಿ. ಒಂದು ಟ್ಯಾಂಕ್ ನೋಡಿ ತೀರ್ಮಾನ ಮಾಡಬೇಡಿ. ಗಾಳಿ ಎದುರಿಗೆ ಬೀಸಿದರೂ ಸಾಕು, ಲೆಕ್ಕ ಏರುಪೇರಾಗುತ್ತದೆ. ಇನ್ನೂ ಒಂದು ಕಷ್ಟ ಇದೆ. ದುಬಾರಿ ಪೆಟ್ರೋಲ್ ಹಾಕಿದ್ದೇನೆ ಎಂದು ಗೊತ್ತಿದ್ದಾಗ ಕೈ ತಾನಾಗಿ ಮೃದುವಾಗುತ್ತದೆ. ಹಾಗಾಗಿ ಬೇರೆಯವರಿಂದ ಪೆಟ್ರೋಲ್ ಹಾಕಿಸಿ, ಯಾವುದು ಎಂದು ಕೊನೆಗೆ ಹೇಳಿಸಿಕೊಳ್ಳಿ.

ಟಾರ್ಕ್‌ಪ್ರಿಯ

ಇದು ಒಳ್ಳೆ ಐಡಿಯಾ. ತಮ್ಮನ ಕೈಲಿ ಹಾಕಿಸಿ ನೋಡುತ್ತೇನೆ. ಡಿಟರ್ಜೆಂಟ್ ಕಾರಣಕ್ಕಾದರೂ ನಾನು 95 ಬಿಡುವುದಿಲ್ಲ ಅನಿಸುತ್ತದೆ. ಆದರೆ ಪಿಕಪ್‌ಗಾಗಿ ಹಾಕಿ ಅಂತ ಬೇರೆಯವರಿಗೆ ಹೇಳುವ ಮೊದಲು ಇದನ್ನು ಮಾಡಿ ನೋಡಬೇಕು.

ಎರಡುಚಕ್ರ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 91 ಸಾಕು. ಆದರೆ ಆ ಕಟಕಟ ಸದ್ದು? ಸ್ಪ್ಯಾನರ್ ಸರ್ ಹೇಳಿದ ನಾಕಿಂಗ್ ಅದೇನಾ? ಈಗ ಹೆದರಿಕೆ ಶುರುವಾಗಿದೆ.

ಸ್ಪ್ಯಾನರ್12

ಹೆದರಬೇಡಿ, ಮೊದಲು ಇಷ್ಟು ಹೇಳಿ. ಸದ್ದು ಬರುವಾಗ ಎಷ್ಟನೇ ಗೇರ್? ವೇಗ ಎಷ್ಟು? ನಿಂತಾಗ ಐಡಲ್‌ನಲ್ಲೂ ಬರುತ್ತದಾ?

ಎರಡುಚಕ್ರ

ಐದನೇ ಗೇರ್. ವೇಗ 35ರ ಸುಮಾರು. ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸುತ್ತೇನೆ, ಆಗ ಬರುತ್ತದೆ. ಐಡಲ್‌ನಲ್ಲಿ ಇಲ್ಲ. ಸಮತಟ್ಟು ರಸ್ತೆಯಲ್ಲೂ ಇಲ್ಲ.

ಸ್ಪ್ಯಾನರ್12

ಉತ್ತರ ಅಲ್ಲೇ ಇದೆ. ಐದನೇ ಗೇರ್‌ನಲ್ಲಿ 35ರ ವೇಗ ಎಂದರೆ ಎಂಜಿನ್ ತುಂಬಾ ನಿಧಾನ ತಿರುಗುತ್ತಿದೆ. ಥ್ರಾಟಲ್ ಪೂರ್ತಿ ತೆರೆದಿದ್ದರಿಂದ ಸಿಲಿಂಡರ್‌ಗೆ ಮಿಶ್ರಣ ಪೂರ್ತಿ ತುಂಬುತ್ತದೆ, ಒತ್ತಡ ಜಾಸ್ತಿ. ತಿರುಗುವ ವೇಗ ಕಡಿಮೆ ಇರುವುದರಿಂದ ಅಂಚಿನ ಮಿಶ್ರಣಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ನಾಕಿಂಗ್‌ಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ. ಹೆಚ್ಚು ಆರ್‌ಪಿಎಂನಲ್ಲಿ ಆ ಸಮಯವೇ ಸಿಗುವುದಿಲ್ಲ. ಮೂರನೇ ಗೇರ್‌ಗೆ ಇಳಿಸಿ ಅದೇ ಏರು ಹತ್ತಿ. ಸದ್ದು ಹೋದರೆ ಗಾಡಿಗೆ ಏನೂ ಆಗಿಲ್ಲ, ಪೆಟ್ರೋಲೂ ಬದಲಿಸಬೇಕಿಲ್ಲ. ಗೇರ್ ಇಳಿಸುವ ಅಭ್ಯಾಸ ಮಾಡಿಕೊಂಡರೆ ಸಾಕು. ಆರ್‌ಪಿಎಂ ಏರಿದರೆ ಎಂಜಿನ್ ಹಾಳಾಗುತ್ತದೆ ಎಂದು ಜನ ಹೆದರುತ್ತಾರೆ. ನಿಜವಾಗಿ ಮೇಲಿನ ಗೇರ್‌ನಲ್ಲಿ ಹಿಂಡುವುದೇ ಎಂಜಿನ್‌ಗೆ ಹೆಚ್ಚು ಕಷ್ಟ.

ಗೇರ್ ಇಳಿಸಿದರೂ ಸದ್ದು ಬಂದರೆ ಒಂದು ಟ್ಯಾಂಕ್ 95 ಹಾಕಿ ನೋಡಿ. ಇದನ್ನು ಪರೀಕ್ಷೆ ಅಂದುಕೊಳ್ಳಿ, ಔಷಧಿ ಅಂತ ಅಲ್ಲ. 95ಕ್ಕೆ ಸದ್ದು ನಿಂತರೆ ಅದು ನಾಕಿಂಗೇ. ನಿಲ್ಲದಿದ್ದರೆ ಟ್ಯಾಪೆಟ್, ಟೈಮಿಂಗ್ ಚೈನ್ ಅಥವಾ ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ಸಡಿಲವಾಗಿರಬಹುದು.

ನಾಕಿಂಗೇ ಎಂದಾದರೆ, 91ಕ್ಕೆ ಮಾಡಿದ ಎಂಜಿನ್ 91ರಲ್ಲಿ ಯಾಕೆ ಹೊಡೆಯುತ್ತಿದೆ ಎಂದು ಹುಡುಕಬೇಕು. ಸುಮ್ಮನೆ 95 ಹಾಕುತ್ತಾ ಹೋದರೆ ಕಾರಣ ಒಳಗೇ ಮುಚ್ಚಿಹೋಗುತ್ತದೆ. ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದ್ದರೆ ಮಿಶ್ರಣ ತೆಳುವಾಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಬಿಸಿ ಏರುತ್ತದೆ. ಪ್ಲಗ್ ಬದಲಿಸಿದವರು ಬೇರೆ ಹೀಟ್ ರೇಂಜ್ (ಪ್ಲಗ್ ಬಿಸಿ ಹೊರಹಾಕುವ ಪ್ರಮಾಣ) ಇರುವುದನ್ನು ಹಾಕಿರಬಹುದು. ಆಯಿಲ್ ಕಡಿಮೆ ಇದ್ದರೆ ಏರ್ ಕೂಲ್ಡ್ ಎಂಜಿನ್ ಬೇಗ ಕಾಯುತ್ತದೆ. ಹಳೆ ಗಾಡಿಯಾದರೆ ಪಿಸ್ಟನ್ ತಲೆ ಮೇಲೆ ಕಾರ್ಬನ್ ದಪ್ಪವಾಗಿ ಕೂತು, ಒಳಗಿನ ಜಾಗ ಕಡಿಮೆಯಾಗಿ ಕಂಪ್ರೆಷನ್ ಏರಿರುತ್ತದೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದರೂ ಆಕ್ಟೇನ್ ಬಿದ್ದುಹೋಗುತ್ತದೆ. ಹಾಗಾಗಿ ಬೇರೆ ಬಂಕ್‌ನ 91 ಹಾಕಿಯೂ ನೋಡಿ. ನಿಮ್ಮದು ಹೊಸ ಬೈಕ್, ವಾರಂಟಿ ಇದೆ. ನೀವೇ ಏನೂ ಬಿಚ್ಚಬೇಡಿ.

ನೀಲಿಹೆಲ್ಮೆಟ್

ಒಂದು ಸಂದೇಹ. ವಿಡಿಯೊಗಳಲ್ಲಿ ಅಮೆರಿಕದವರು 87 ಹಾಕುತ್ತಾರೆ. ನಮ್ಮ ಮ್ಯಾನ್ಯುವಲ್ 91ಕ್ಕಿಂತ ಕಡಿಮೆ ಹಾಕಬೇಡಿ ಅನ್ನುತ್ತದೆ. ಅಲ್ಲಿನ ಬೈಕ್‌ಗಳು ಬೇರೆಯಾ?

ಅಳತೆಗೋಲು

ಬೈಕ್ ಅದೇ, ಅಳತೆ ಬೇರೆ. ಆಕ್ಟೇನ್ ಅಳೆಯುವ ಮುಖ್ಯ ಪರೀಕ್ಷೆಗಳು ಎರಡು. ಎರಡನ್ನೂ ಕಂಪ್ರೆಷನ್ ಬದಲಿಸಬಹುದಾದ ಒಂದೇ ಸಿಲಿಂಡರ್‌ನ ಪರೀಕ್ಷಾ ಎಂಜಿನ್‌ನಲ್ಲಿ ಮಾಡುತ್ತಾರೆ. ಆರ್‌ಒಎನ್ ಪರೀಕ್ಷೆಯಲ್ಲಿ ಎಂಜಿನ್ 600 ಆರ್‌ಪಿಎಂನಲ್ಲಿ ಓಡುತ್ತದೆ. ಎಂಒಎನ್ ಪರೀಕ್ಷೆ ಹೆಚ್ಚು ಕಠಿಣ. 900 ಆರ್‌ಪಿಎಂ, ಒಳಗೆ ಹೋಗುವ ಮಿಶ್ರಣವನ್ನು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರುತ್ತಾರೆ. ಆದ್ದರಿಂದ ಒಂದೇ ಪೆಟ್ರೋಲ್‌ಗೆ ಎಂಒಎನ್ ಅಂಕಿ ಸಾಮಾನ್ಯವಾಗಿ 8ರಿಂದ 10ರಷ್ಟು ಕಡಿಮೆ ಬರುತ್ತದೆ.

ಯುರೋಪ್ ಮತ್ತು ಏಷ್ಯಾದ ಹೆಚ್ಚಿನ ಕಡೆ ಪಂಪ್ ಮೇಲೆ ಆರ್‌ಒಎನ್ ಬರೆಯುತ್ತಾರೆ. ಅಮೆರಿಕ, ಕೆನಡಾದಲ್ಲಿ ಎರಡರ ಸರಾಸರಿ ಬರೆಯುತ್ತಾರೆ, ಅದನ್ನು ಎಕೆಐ ಅನ್ನುತ್ತಾರೆ. ಅಲ್ಲಿನ 87 ಹೆಚ್ಚುಕಡಿಮೆ 91 ಆರ್‌ಒಎನ್‌ಗೆ ಸಮ. ಅಲ್ಲಿನ 91 ಎಂದರೆ ಸುಮಾರು 95 ಆರ್‌ಒಎನ್. ಅಲ್ಲಿನ 93 ಸುಮಾರು 98 ಆರ್‌ಒಎನ್.

ಇದು ಬರೀ ಕುತೂಹಲದ ವಿಷಯವಲ್ಲ. ಆಮದು ಮಾಡಿದ ಬೈಕ್‌ನ ಟ್ಯಾಂಕ್ ಮೇಲೆ 91 ಎಂಬ ಸ್ಟಿಕ್ಕರ್ ಇದ್ದರೆ ಅದು ಯಾವ 91 ಎಂದು ನೋಡಲೇಬೇಕು. ಎಕೆಐ 91 ಬೇಕಾದ ಎಂಜಿನ್‌ಗೆ 91 ಆರ್‌ಒಎನ್ ಹಾಕಿದರೆ ನಾಲ್ಕು ಅಂಕ ಕಡಿಮೆ ಬೀಳುತ್ತದೆ. ಪರದೇಶದ ಮ್ಯಾನ್ಯುವಲ್ ಡೌನ್‌ಲೋಡ್ ಮಾಡಿ ಓದುವವರು ಈ ವಿಷಯದಲ್ಲಿ ದಯವಿಟ್ಟು ಎಚ್ಚರ ಇರಲಿ.

ಹಳೇಗಾಡಿ

ನಾನು ಇಟ್ಟುಕೊಂಡಿರುವುದು ಕಾರ್ಬುರೇಟರ್ ಗಾಡಿ. ಆಕ್ಟೇನ್‌ಗಿಂತ ಎಥನಾಲ್ ನನಗೆ ದೊಡ್ಡ ಚಿಂತೆ. ಬಂಕ್‌ನಲ್ಲಿ ಈಗ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಸಿಗುತ್ತದೆ. ಎಥನಾಲ್ ಇದ್ದರೆ ಆಕ್ಟೇನ್ ಜಾಸ್ತಿ, ಹಾಗಾಗಿ ಒಳ್ಳೆಯದು ಎಂದು ಒಬ್ಬರು ಹೇಳಿದರು. ಹೌದಾ?

ಅಳತೆಗೋಲು

ಮೊದಲ ಭಾಗ ನಿಜ. ಶುದ್ಧ ಎಥನಾಲ್‌ನ ಆರ್‌ಒಎನ್ 100ಕ್ಕಿಂತ ಮೇಲೆ ಇದೆ. ಆವಿಯಾಗುವಾಗ ಅದು ತುಂಬಾ ಬಿಸಿಯನ್ನು ಹೀರಿಕೊಳ್ಳುವುದರಿಂದ ಮಿಶ್ರಣ ತಂಪಾಗುತ್ತದೆ. ನಾಕಿಂಗ್ ತಡೆಯಲು ಅದೂ ಸಹಾಯ.

ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಲೆಕ್ಕ ಹಾಕಿದರೆ ಇ10ರಲ್ಲಿ ಲೀಟರಿಗೆ ಶೇ 3ರಷ್ಟು, ಇ20ರಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ. ಆಕ್ಟೇನ್ ಏರಿದೆ, ಶಕ್ತಿ ಇಳಿದಿದೆ. ಆಕ್ಟೇನ್ ಎಂದರೆ ಶಕ್ತಿ ಎಂದು ವಾದ ಮಾಡುವವರಿಗೆ ಇದನ್ನು ತೋರಿಸಿ.

ಕಾರ್ಬುರೇಟರ್‌ಗೆ ಇನ್ನೊಂದು ತೊಂದರೆ ಇದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ 9 ಪಾಲು ಸಾಕು. ಇ20ಕ್ಕೆ ತಯಾರಾದ ಇಂಜೆಕ್ಷನ್ ಗಾಡಿ ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರ್‌ನ ಜೆಟ್ ತೂತು ಇದ್ದಷ್ಟೇ ಇರುತ್ತದೆ. ಅದಕ್ಕೆ ಮಿಶ್ರಣ ತೆಳುವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ, ಓಡುವಾಗ ಮಿಸ್ಸಿಂಗ್ ಕಂಡರೆ ಇದು ಕಾರಣ ಇರಬಹುದು.

ಸ್ಪ್ಯಾನರ್12

ರಬ್ಬರ್ ಭಾಗಗಳನ್ನೂ ಮರೆಯಬೇಡಿ. ಹಳೆ ಪೆಟ್ರೋಲ್ ಪೈಪ್, ಫ್ಲೋಟ್ ನೀಡಲ್ ತುದಿ, ಓ-ರಿಂಗ್ ಇವು ಎಥನಾಲ್‌ಗೆ ಉಬ್ಬುತ್ತವೆ ಅಥವಾ ಒಣಗಿ ಬಿರುಕು ಬಿಡುತ್ತವೆ. ಪೈಪ್ ಬಗ್ಗಿಸಿ ನೋಡಿ, ಗೆರೆ ಕಂಡರೆ ಆ ದಿನವೇ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರುವುದು ಆಟವಲ್ಲ. ಆಯ್ಕೆ ಇದ್ದರೆ ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಹಾಕಿ. ಕೆಲವು ಕಡೆ 98ರಲ್ಲಿ ಎಥನಾಲ್ ಕಡಿಮೆ ಇರುತ್ತದೆ. ಅಂಥ ಕಡೆ ಹಳೆ ಗಾಡಿಗೆ ಅದನ್ನು ಹಾಕುವುದರಲ್ಲಿ ಅರ್ಥ ಇದೆ. ಪಂಪ್ ಮೇಲಿನ ಇ5, ಇ10 ಗುರುತು ಓದಿ ಖಚಿತ ಮಾಡಿಕೊಳ್ಳಿ.

ಒಂದು ಪಕ್ಕದ ಮಾತು. ತುಂಬಾ ಹಳೆಯ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲ್‌ಗೆ ಮಾಡಿದವು. ಸೀಸ ಆಕ್ಟೇನ್ ಏರಿಸುತ್ತಿತ್ತು, ಜೊತೆಗೆ ವಾಲ್ವ್ ಕೂರುವ ಜಾಗ ಸವೆಯದಂತೆ ತಡೆಯುತ್ತಿತ್ತು. ಅದು ಮನುಷ್ಯರಿಗೆ, ಅದರಲ್ಲೂ ಮಕ್ಕಳ ಮೆದುಳಿಗೆ ವಿಷ. 1921ರಲ್ಲಿ ಕಂಡುಹಿಡಿದ ಈ ಸೇರ್ಪಡೆ ರಸ್ತೆ ವಾಹನಗಳ ಪೆಟ್ರೋಲ್‌ನಿಂದ ಜಗತ್ತಿನಾದ್ಯಂತ ಪೂರ್ತಿ ಹೋಗಿದ್ದು 2021ರಲ್ಲಿ, ಅಲ್ಜೀರಿಯಾ ಮಾರಾಟ ನಿಲ್ಲಿಸಿದಾಗ. ನೂರು ವರ್ಷ ಹಿಡಿಯಿತು ಎಂದು ನೆನೆದರೆ ಬೇಸರವಾಗುತ್ತದೆ. ಅಂಥ ಎಂಜಿನ್ ಇದ್ದರೆ ಗಟ್ಟಿ ವಾಲ್ವ್ ಸೀಟ್ ಹಾಕಿಸುವುದು ಸರಿಯಾದ ದಾರಿ.

ನಾಲ್ಕುಸಿಲಿಂಡರ್

ನನ್ನದು ಇದಕ್ಕೆ ಉಲ್ಟಾ ಸಮಸ್ಯೆ. ಸ್ಪೋರ್ಟ್ ಬೈಕ್, ಕಂಪ್ರೆಷನ್ 13:1. ಮ್ಯಾನ್ಯುವಲ್ 95 ಕೇಳುತ್ತದೆ. ಉದ್ದ ಪ್ರಯಾಣದಲ್ಲಿ 91 ಮಾತ್ರ ಇರುವ ಬಂಕ್ ಸಿಕ್ಕರೆ ಏನು ಮಾಡಬೇಕು? ಆಕ್ಟೇನ್ ಬೂಸ್ಟರ್ ಬಾಟಲಿ ಇಟ್ಟುಕೊಳ್ಳಲಾ?

ಉದ್ದದಾರಿ

ಮೊದಲು ಮ್ಯಾನ್ಯುವಲ್‌ನಲ್ಲಿ 95 ಕನಿಷ್ಠ ಎಂದಿದೆಯಾ, ಶಿಫಾರಸು ಎಂದಿದೆಯಾ ನೋಡಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಶಿಫಾರಸು ಎಂದಿದ್ದು, ಗಾಡಿಗೆ ನಾಕ್ ಸೆನ್ಸರ್ ಇದ್ದರೆ, ಇಸಿಯು ಟೈಮಿಂಗ್ ಹಿಂದಕ್ಕೆ ತಂದು ಎಂಜಿನ್ ಕಾಪಾಡುತ್ತದೆ. ಪವರ್ ಸ್ವಲ್ಪ ಇಳಿಯುತ್ತದೆ. ಇಂಥ ಗಾಡಿಗಳಲ್ಲಿ ಮಾತ್ರ ಹೆಚ್ಚಿನ ಆಕ್ಟೇನ್‌ನಿಂದ ನಿಜವಾದ ಲಾಭ ಸಿಗುವುದು.

ಕನಿಷ್ಠ 95 ಎಂದಿದ್ದರೆ 91 ತುಂಬಿಸಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಮುಂದಿನ ಬಂಕ್ ಮುಟ್ಟುವಷ್ಟು ಮಾತ್ರ ಹಾಕಿ. ಟ್ಯಾಂಕ್‌ನಲ್ಲಿ ಉಳಿದ 95 ಜೊತೆ ಬೆರೆತು ಸರಾಸರಿ ಬರುತ್ತದೆ, ಅರ್ಧರ್ಧ ಇದ್ದರೆ ಸುಮಾರು 93. ಆಮೇಲೆ ಥ್ರಾಟಲ್ ಪೂರ್ತಿ ತೆರೆಯಬೇಡಿ, ಏರಿನಲ್ಲಿ ಗೇರ್ ಇಳಿಸಿ, ಎಂಜಿನ್ ಕಾಯಲು ಬಿಡಬೇಡಿ. ಮುಂದಿನ ಬಂಕ್‌ನಲ್ಲಿ 98 ಸಿಕ್ಕರೆ ಅದನ್ನು ತುಂಬಿಸಿ, ಅಂಕ ಮೇಲೆ ಬರುತ್ತದೆ.

ಸ್ಪ್ಯಾನರ್12

ಬೂಸ್ಟರ್ ಕೊಳ್ಳುವ ಮೊದಲು ಬಾಟಲಿ ಮೇಲಿನ ಮಾತನ್ನು ಸರಿಯಾಗಿ ಓದಿ. ಎಷ್ಟೋ ಬಾಟಲಿಗಳಲ್ಲಿ 30 ಪಾಯಿಂಟ್ ಏರುತ್ತದೆ ಎಂದಿರುತ್ತದೆ. ಅಲ್ಲಿ ಹತ್ತು ಪಾಯಿಂಟ್ ಎಂದರೆ ಒಂದು ಆಕ್ಟೇನ್ ಅಂಕ. ಅಂದರೆ 91 ಇದ್ದದ್ದು 94 ಆಗುತ್ತದೆ, 121 ಅಲ್ಲ. ಕೆಲವದರಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತ ಇರುತ್ತದೆ. ಅದು ಪ್ಲಗ್ ಮೇಲೆ ಕೆಂಪು ಮಿಶ್ರಿತ ಪುಡಿಯಾಗಿ ಕೂರುತ್ತದೆ. ಜಾಸ್ತಿ ಕೂತರೆ ಕಿಡಿ ತಪ್ಪುತ್ತದೆ. ದಿನಾ ಹಾಕುವ ವಸ್ತು ಅಲ್ಲ.

ಮೇಲ್ಗಾಡು

ಎತ್ತರದ ಬೆಟ್ಟದ ದಾರಿಯಲ್ಲಿ ಗಾಡಿ ಪವರ್ ಕಳೆದುಕೊಳ್ಳುತ್ತದೆ. ಅಲ್ಲಿ 98 ಹಾಕಿದರೆ ಸರಿ ಹೋಗುತ್ತದಾ?

ಅಳತೆಗೋಲು

ಇಲ್ಲ. ಎತ್ತರದಲ್ಲಿ ಗಾಳಿ ತೆಳು. ಸಿಲಿಂಡರ್‌ಗೆ ಗಾಳಿ ಕಡಿಮೆ ತುಂಬುತ್ತದೆ, ಒತ್ತಡ ಕಡಿಮೆ, ಹಾಗಾಗಿ ನಾಕಿಂಗ್ ಸಾಧ್ಯತೆಯೂ ಕಡಿಮೆ. ಆಕ್ಟೇನ್ ಅಲ್ಲಿ ಇನ್ನೂ ಕಡಿಮೆ ಸಾಕು. ಕಾರ್ಬುರೇಟರ್ ಗಾಡಿಯಾದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಅದಕ್ಕೆ ಜೆಟ್ ಬದಲಿಸಬೇಕು. ಬೆಟ್ಟದ ಮೇಲೆ ಕಡಿಮೆ ಆಕ್ಟೇನ್ ತುಂಬಿಸಿಕೊಂಡು ಬಯಲಿಗೆ ಇಳಿಯುವವರು ಮಾತ್ರ ಎಚ್ಚರ. ಕೆಳಗೆ ಬಂದ ಮೇಲೆ ಅದೇ ಪೆಟ್ರೋಲ್ ಸಾಲದೆ ಹೋಗಬಹುದು.

ಹಳೇಗಾಡಿ

ಕೊನೆಯ ಪ್ರಶ್ನೆ. ನನ್ನ ಗಾಡಿ ತಿಂಗಳುಗಟ್ಟಲೆ ನಿಂತೇ ಇರುತ್ತದೆ. ನಿಲ್ಲಿಸುವ ಮೊದಲು ಯಾವ ಪೆಟ್ರೋಲ್ ಹಾಕಲಿ?

ಸ್ಪ್ಯಾನರ್12

ಇಲ್ಲಿ ಆಕ್ಟೇನ್ ನೋಡಬೇಡಿ, ಎಥನಾಲ್ ನೋಡಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಒಂದು ಮಟ್ಟ ದಾಟಿದರೆ ನೀರು, ಎಥನಾಲ್ ಎರಡೂ ಸೇರಿ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬೀಳುತ್ತದೆ, ತಳದ ನೀರು ಟ್ಯಾಂಕ್‌ಗೆ ತುಕ್ಕು ಹಿಡಿಸುತ್ತದೆ. ಸಿಕ್ಕರೆ ಎಥನಾಲ್ ಇಲ್ಲದ್ದು, ಇಲ್ಲದಿದ್ದರೆ ಕಡಿಮೆ ಇರುವುದು ಹಾಕಿ. ಟ್ಯಾಂಕ್ ಪೂರ್ತಿ ತುಂಬಿಸಿ, ಆಗ ಒಳಗೆ ತೇವ ಗಾಳಿಗೆ ಜಾಗ ಇರುವುದಿಲ್ಲ. ಫ್ಯೂಯಲ್ ಸ್ಟೆಬಿಲೈಸರ್ ಹಾಕುವುದಾದರೆ ಹಾಕಿದ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಅದು ಕಾರ್ಬುರೇಟರ್‌ವರೆಗೂ ತಲುಪಲಿ. ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲ್ ಕೆಳಗಿನ ಸ್ಕ್ರೂ ಬಿಚ್ಚಿ ಅದರಲ್ಲಿರುವುದನ್ನು ಖಾಲಿ ಮಾಡಿ. ಪೈಲಟ್ ಜೆಟ್ ಕಟ್ಟಿಕೊಳ್ಳುವುದು ಅಲ್ಲಿ ಉಳಿದ ಪೆಟ್ರೋಲ್ ಒಣಗಿ ಅಂಟಾದಾಗಲೇ.